ರಾಜನ ಗುಟ್ಟು ಮತ್ತು ದೂತನ ಮಾತು

ಸೆಪ್ಟೆಂಬರ್ 29ರಂದು ಧರ್ಮಸಭೆಯು ಮಹಾದೂತರಾದ ಸಂತ ಮಿಕಾಯೇಲ, ಸಂತ ಗಬ್ರಿಯೇಲ ಮತ್ತು ಸಂತ ರಫಾಯೇಲರ ಹಬ್ಬವನ್ನು ಆಚರಿಸುತ್ತದೆ. ದೂತನು ತನ್ನ ಮಾತನ್ನಲ್ಲ, ತನ್ನನ್ನು ಕಳುಹಿಸಿದವರ ಮಾತನ್ನು ಹೊತ್ತು ಹೋಗುವವನು. ಗಬ್ರಿಯೇಲನು ಮರಿಯಮ್ಮನವರ ಬಳಿಗೆ ಬಂದಾಗ ದೇವರು ಹೇಳಿಕಳುಹಿಸಿದ್ದನ್ನು ಹೇಳಿ ಹೊರಟುಹೋದನು. ರಫಾಯೇಲನಂತೂ ತೊಬಿತನ ಮನೆಯಿಂದ ಹೊರಡುವ ಮುನ್ನ, ದೇವರ ಮಹತ್ಕಾರ್ಯಗಳನ್ನು ಎಲ್ಲರಿಗೂ ಸಾರಬೇಕು, ಆದರೆ ಅರಸನ ಗುಟ್ಟನ್ನು ಕಾಯಬೇಕು ಎಂಬರ್ಥದ ಬುದ್ಧಿಮಾತು ಹೇಳಿದನು. ಆ ಗುಟ್ಟು ಬಯಲಾದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಶ್ರೀರಂಗಪಟ್ಟಣದ ಚರಿತ್ರೆಯಲ್ಲೇ ಒಂದು ಉದಾಹರಣೆಯಿದೆ.

1792ರ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನು ತನ್ನ ರಾಜ್ಯದ ಅರ್ಧಭಾಗವನ್ನು ಕಳೆದುಕೊಂಡನು. ಇಬ್ಬರು ಮಕ್ಕಳನ್ನು ಇಂಗ್ಲಿಷರಿಗೆ ಒತ್ತೆಯಿಟ್ಟನು. ಅಂದಿನಿಂದ ಫ್ರೆಂಚರ ನೆರವಿಗಾಗಿ ಅವನು ಕಾಯುತ್ತಿದ್ದನು. 1797ರಲ್ಲಿ ರಿಪೋ ಎಂಬ ಫ್ರೆಂಚ್ ನಾವಿಕನು ಹಾಳಾದ ಹಡಗಿನಲ್ಲಿ ಮಂಗಳೂರಿಗೆ ಬಂದಿಳಿದನು. ತಾನು ಮಾರಿಷಸ್ ದ್ವೀಪದ ಫ್ರೆಂಚ್ ಸರ್ಕಾರದ ಪ್ರತಿನಿಧಿಯೆಂದೂ, ಅಲ್ಲಿ ದೊಡ್ಡ ಸೈನ್ಯ ಸಿದ್ಧವಾಗಿದೆಯೆಂದೂ ಹೇಳಿಕೊಂಡನು. ಆಸ್ಥಾನದ ಹಿರಿಯ ಅಧಿಕಾರಿಗಳು ಇವನನ್ನು ನಂಬಬೇಡಿ ಎಂದರು. ಆದರೆ ಸುಲ್ತಾನನು ಕೇಳಬಯಸಿದ್ದ ಮಾತನ್ನೇ ರಿಪೋ ಹೇಳಿದ್ದನು. ಆದ್ದರಿಂದ ಹಿರಿಯರ ಸಲಹೆ ಮೂಲೆಗೆ ಬಿತ್ತು.

ಹುಸೇನ್ ಅಲಿ ಖಾನ್ ಮತ್ತು ಶೇಖ್ ಇಬ್ರಾಹಿಂ ಎಂಬ ರಾಯಭಾರಿಗಳು ವ್ಯಾಪಾರಿಗಳ ಸೋಗಿನಲ್ಲಿ ಹಡಗು ಹತ್ತಿದರು. 1798ರ ಜನವರಿಯಲ್ಲಿ ಮಾರಿಷಸ್ ತಲುಪಿದಾಗ ಸತ್ಯ ಹೊರಬಿತ್ತು. ಅಲ್ಲಿ ಕಳುಹಿಸಿಕೊಡಲು ಸೈನ್ಯವೇ ಇರಲಿಲ್ಲ! ಗವರ್ನರ್ ಮಲಾರ್ಟಿಕ್ ಅವರನ್ನು ಬಹಿರಂಗವಾಗಿ ಗೌರವಿಸಿ ಬರಮಾಡಿಕೊಂಡನು. ಜನವರಿ 30ರಂದು ಅವನು ಒಂದು ಘೋಷಣೆಯನ್ನು ಅಚ್ಚುಹಾಕಿಸಿ ಹಂಚಿದನು. ಇಂಗ್ಲಿಷರನ್ನು ಭಾರತದಿಂದ ಓಡಿಸಲು ಟಿಪ್ಪು ನಮ್ಮ ನೆರವು ಕೇಳಿದ್ದಾನೆ, ಇಷ್ಟವುಳ್ಳವರು ಹೆಸರು ಕೊಡಿ ಎಂಬುದು ಅದರ ಸಾರಾಂಶ. ಮುಂದೆ ಏಪ್ರಿಲ್‌ನಲ್ಲಿ ರಾಯಭಾರಿಗಳೊಂದಿಗೆ ಮಂಗಳೂರಿನಲ್ಲಿ ಇಳಿದ ಸ್ವಯಂಸೇವಕರು ನೂರು ಮಂದಿಯೂ ಇರಲಿಲ್ಲ.

ಅದೇ ವರ್ಷದ ಜೂನ್ ತಿಂಗಳಲ್ಲಿ ಆ ಘೋಷಣೆ ಕಲ್ಕತ್ತೆಯಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಕೈ ಸೇರಿತು. ಮೈಸೂರನ್ನು ಮಣಿಸಬೇಕೆಂದಿದ್ದ ಅವನಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. ಅವನು ವಿವರಣೆ ಕೇಳಿದಾಗ ಟಿಪ್ಪು ನಿಜ ಹೇಳಲಿಲ್ಲ. ಅಕ್ಕಿ ತುಂಬಿದ ಹಡಗಿನಲ್ಲಿ ಕೆಲಸ ಹುಡುಕಿಕೊಂಡು ಸುಮಾರು 40 ಜನ ಬಂದಿದ್ದರು, ಉಳಿದದ್ದೆಲ್ಲ ಫ್ರೆಂಚರು ಹಬ್ಬಿಸಿದ ಸುದ್ದಿ ಎಂದು ಉತ್ತರ ಬರೆಸಿದನು. ಮಾತುಕತೆಗೆ ಮೇಜರ್ ಡೋವ್ಟನ್‌ನನ್ನು ಕಳುಹಿಸುತ್ತೇವೆ ಎಂಬ ಇಂಗ್ಲಿಷರ ಸೂಚನೆಗೆ ಟಿಪ್ಪುವಿನ ಒಪ್ಪಿಗೆ ಬರುವಷ್ಟರಲ್ಲಿ 1799ರ ಫೆಬ್ರವರಿ ನಡೆಯುತ್ತಿತ್ತು. ಸೈನ್ಯಕ್ಕೆ ಹೊರಡಲು ಆಜ್ಞೆಯಾಗಿತ್ತು. ಮಾರ್ಚ್ 27ರಂದು ಮಳವಳ್ಳಿಯಲ್ಲಿ ಯುದ್ಧ ನಡೆಯಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಹೋರಾಡುತ್ತಲೇ ಮಡಿದನು.

ಅಷ್ಟರಲ್ಲಿ ಆಸ್ಥಾನದೊಳಗಿನ ನಂಬಿಕೆಯೂ ಸತ್ತಿತ್ತು. ದ್ರೋಹಿಯೆಂಬ ಅಪವಾದ ಹೊತ್ತ ಮಂತ್ರಿ ಮೀರ್ ಸಾದಿಕ್‌ನನ್ನು ಅದೇ ದಿನ ಅವನ ಕಡೆಯ ಸೈನಿಕರೇ ಕೊಂದರು. ಪೂರ್ಣಯ್ಯನವರು ಎರಡು ತಿಂಗಳೊಳಗೆ ಒಡೆಯರ ದಿವಾನರಾದರು. ಆದರೆ ಅಂದು ರಾತ್ರಿ ಲೂಟಿಗೊಳಗಾದ ಮನೆಗಳು ಮಂತ್ರಿಗಳವು ಮಾತ್ರವಲ್ಲ. ಮಾರಿಷಸ್ ಎಲ್ಲಿದೆಯೆಂದೇ ಅರಿಯದ ಬಡಜನ ಆ ದಂಡ ತೆತ್ತರು.

ಕ್ರೈಸ್ತರಾದ ನಮಗೆ ಈ ಚರಿತ್ರೆ ಇನ್ನೂ ಹತ್ತಿರದ್ದು. ಇಂಗ್ಲಿಷರಿಗೆ ನೆರವಾದರೆಂಬ ಆಪಾದನೆಯ ಮೇಲೆ 1784ರಲ್ಲಿ ಕೆನರಾದ ಸಾವಿರಾರು ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ತರಲಾಗಿತ್ತು. ಹೆಂಗಸರು, ಮಕ್ಕಳು, ಮುದುಕರೆನ್ನದೆ ಎಲ್ಲರನ್ನೂ ಅನುಮಾನ ಸುತ್ತಿಕೊಂಡಿತ್ತು. ಬದುಕುಳಿದವರಿಗೆ 1799ರಲ್ಲಿ ಬಿಡುಗಡೆಯಾಯಿತು. ಆದರೂ ಒಂದು ಊರಿನ ಪತನವನ್ನು ನಾವು ಜಯವೆಂದು ಕೊಂಡಾಡಲಾರೆವು. ಆ ಬೂದಿಯ ನಡುವೆ ಬಂದ ಫ್ರೆಂಚ್ ಗುರು ಅಬ್ಬೆ ದುಬಾಯ್ ಚದುರಿದ ವಿಶ್ವಾಸಿಗಳನ್ನು ಒಟ್ಟುಗೂಡಿಸಿದರು, ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ಅವರಿಗೆ ನೆಲೆ ಮಾಡಿಕೊಟ್ಟರು, ಸಿಡುಬಿನ ವಿರುದ್ಧ ಜನರಿಗೆ ಲಸಿಕೆ ಹಾಕಿಸಲು ದುಡಿದರು. ಗಂಜಾಮಿನ ದೇವಾಲಯ ಇಂದಿಗೂ ಅವರನ್ನು ನೆನಪಿಸುತ್ತದೆ. ರಿಪೋ ಸಹ ಫ್ರೆಂಚನೇ, ದುಬಾಯ್ ಸಹ ಫ್ರೆಂಚರೇ. ಒಬ್ಬನು ತನ್ನನ್ನು ಯಾರೂ ಕಳುಹಿಸದಿದ್ದರೂ ದೂತನೆಂದು ಹೇಳಿಕೊಂಡನು. ಇನ್ನೊಬ್ಬರು ಪ್ರಭುವಿನಿಂದ ಕಳುಹಿಸಲ್ಪಟ್ಟವರಾಗಿ ಬಾಳಿದರು.

ಪ್ರಿಯರೇ, ನಾವು ಅರಸರ ರಾಯಭಾರಿಗಳಲ್ಲ. ಆದರೂ ಅಣ್ಣನ ಮಾತನ್ನು ತಮ್ಮನಿಗೆ, ಬೀಗರ ಮಾತನ್ನು ಮನೆಯವರಿಗೆ, ಧರ್ಮಕೇಂದ್ರದ ಸಭೆಯ ಮಾತನ್ನು ಹೊರಗಿನವರಿಗೆ ದಿನವೂ ಹೊತ್ತೊಯ್ಯುತ್ತೇವೆ. ಹಾಗೆ ಒಯ್ಯುವಾಗ ಅದಕ್ಕೆ ಉಪ್ಪು ಖಾರ ಸೇರಿಸುತ್ತೇವೆಯೇ? ನಂಬಿ ಹೇಳಿದ್ದನ್ನು ಬೀದಿಗೆ ಹಾಕುತ್ತೇವೆಯೇ? ತಪ್ಪು ಬಯಲಾದಾಗ ಅಕ್ಕಿಯ ಹಡಗಿನ ಕಥೆ ಕಟ್ಟುತ್ತೇವೆಯೇ? ಮನೆಯಲ್ಲಿ ಬೇಡವೆಂದು ಎಚ್ಚರಿಸುವ ಹಿರಿಯರ ಮಾತು ಕಹಿಯಾದರೂ ಒಮ್ಮೆ ಕುಳಿತು ಕೇಳೋಣ. ನಾವೆಲ್ಲರೂ ಕ್ರಿಸ್ತರ ರಾಯಭಾರಿಗಳೆಂದು ಸಂತ ಪೌಲರು ಕೊರಿಂಥದವರಿಗೆ ಬರೆದದ್ದು ಸಂಧಾನದ ವಿಷಯದಲ್ಲೇ. ಆ ಸಂಧಾನದ ಮಾತನ್ನು ಕೆಡಿಸದೆ ತಲುಪಿಸುವ ನಾಲಿಗೆಯನ್ನು ಮಹಾದೂತರ ಬೇಡಿಕೆಯಿಂದ ಪ್ರಭು ನಮಗೆ ದಯಪಾಲಿಸಲಿ.