ಇಂಧನದಲ್ಲಿನ ಗಂಧಕ: ತಾಮ್ರ ನುಡಿಯದಿದ್ದರೆ ಬೆಳ್ಳಿ ನುಡಿಯುತ್ತದೆ

ದೇವರ ಮನೆಯ ಬೆಳ್ಳಿ ದೀಪ ಕ್ರಮೇಣ ಕಪ್ಪಾಗುವುದನ್ನು ಎಲ್ಲರೂ ಕಂಡಿರುತ್ತಾರೆ. ಗಾಳಿಯಲ್ಲಿರುವ ಗಂಧಕದ ಸಂಯುಕ್ತಗಳು ಬೆಳ್ಳಿಯೊಡನೆ ವರ್ತಿಸುವುದೇ ಇದಕ್ಕೆ ಕಾರಣ. ವಾಹನದ ಇಂಧನ ಟ್ಯಾಂಕಿನೊಳಗೂ ಇಂಥದೇ ಕ್ರಿಯೆ ನಡೆಯಬಹುದು.

ಪ್ರಮಾಣವೊಂದೇ ಸಾಲದು

ದೇಶದಾದ್ಯಂತ 2020ರ ಏಪ್ರಿಲ್ 1ರಂದು ಜಾರಿಗೆ ಬಂದ ಬಿಎಸ್-6 ಮಾನದಂಡದ ಪ್ರಕಾರ ಪ್ರತಿ ಕಿಲೋಗ್ರಾಂ ಪೆಟ್ರೋಲ್ ಅಥವಾ ಡೀಸೆಲ್‌ನಲ್ಲಿ ಗಂಧಕ 10 ಮಿಲಿಗ್ರಾಂ ಮೀರುವಂತಿಲ್ಲ. ಬಿಎಸ್-4ರಲ್ಲಿ ಈ ಮಿತಿ 50 ಮಿಲಿಗ್ರಾಂ ಇತ್ತು. ಆದರೆ ಇದು ಒಟ್ಟು ಗಂಧಕದ ಲೆಕ್ಕ. ಥಯೋಫೀನ್‌ನಂಥ ಸಂಯುಕ್ತಗಳು ಲೋಹಕ್ಕೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಧಾತುರೂಪದ ಗಂಧಕ, ಹೈಡ್ರೋಜನ್ ಸಲ್ಫೈಡ್ ಹಾಗೂ ಮರ್ಕ್ಯಾಪ್ಟಾನ್‌ಗಳು ಅಲ್ಪ ಪ್ರಮಾಣದಲ್ಲಿದ್ದರೂ ಲೋಹವನ್ನು ಕೆಡಿಸಬಲ್ಲವು.

ತಾಮ್ರದ ಪರೀಕ್ಷೆ

ಇವುಗಳ ಪತ್ತೆಗೆ ಬಳಕೆಯಲ್ಲಿರುವ ವಿಧಾನ ಸರಳವಾದುದು. ಉಜ್ಜಿ ಹೊಳಪು ನೀಡಿದ ತಾಮ್ರದ ಪಟ್ಟಿಯನ್ನು 30 ಮಿಲಿಲೀಟರ್ ಇಂಧನದಲ್ಲಿ ಮುಳುಗಿಸಲಾಗುತ್ತದೆ. ಪೆಟ್ರೋಲ್ ಆದರೆ 50 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 3 ಗಂಟೆ, ವಿಮಾನ ಇಂಧನವಾದರೆ 100 ಡಿಗ್ರಿಯಲ್ಲಿ 2 ಗಂಟೆ ಇಡುತ್ತಾರೆ. ಬಳಿಕ ಪಟ್ಟಿಯನ್ನು ತೊಳೆದು, ಅದರ ಬಣ್ಣವನ್ನು ಮಾದರಿ ಬಣ್ಣಗಳೊಂದಿಗೆ ಹೋಲಿಸುತ್ತಾರೆ. ತಿಳಿ ಕಿತ್ತಳೆ ಬಣ್ಣವಿದ್ದರೆ 1ನೇ ದರ್ಜೆ. ಕಪ್ಪಾಗಿದ್ದರೆ 4ನೇ ದರ್ಜೆ. ಪೆಟ್ರೋಲ್, ಡೀಸೆಲ್ 1ನೇ ದರ್ಜೆಗಿಂತ ಕೆಳಗಿಳಿಯಬಾರದು ಎಂಬುದು ಭಾರತೀಯ ಮಾನದಂಡದ ನಿಯಮ.

2004ರ ಪಾಠ

ಆದರೂ ತಾಮ್ರದ ಸಾಕ್ಷಿ ಎಲ್ಲ ಸಂದರ್ಭದಲ್ಲೂ ಸಾಲದು ಎಂಬುದು ಅಮೆರಿಕದಲ್ಲಿ ಅನುಭವಕ್ಕೆ ಬಂದಿತು. 2004ರ ಮೇ ತಿಂಗಳಲ್ಲಿ ಫ್ಲೋರಿಡಾ, ಲೂಸಿಯಾನಾ ರಾಜ್ಯಗಳ ನೂರಾರು ಬಂಕ್‌ಗಳಲ್ಲಿ ಪೆಟ್ರೋಲ್ ಮಾರಾಟ ನಿಲ್ಲಿಸಬೇಕಾಯಿತು. ಆ ಪೆಟ್ರೋಲ್‌ನಲ್ಲಿದ್ದ ಗಂಧಕವು ಟ್ಯಾಂಕಿನೊಳಗಿನ ಇಂಧನ ಮಾಪಕದ ಬೆಳ್ಳಿಯ ಸಂಪರ್ಕ ಬಿಂದುಗಳನ್ನು ಕೆಡಿಸುತ್ತಿತ್ತು. ಬೆಳ್ಳಿಯ ಮೇಲೆ ಸಲ್ಫೈಡ್ ಪದರ ಬೆಳೆದರೆ ವಿದ್ಯುತ್ ಸಂಪರ್ಕಕ್ಕೆ ಅಡ್ಡಿಯಾಗಿ ಮಾಪಕದ ಮುಳ್ಳು ತಪ್ಪು ತೋರಿಸುತ್ತದೆ. ಟ್ಯಾಂಕ್ ಬರಿದಾದುದು ಚಾಲಕನಿಗೆ ತಿಳಿಯದೇ ಹೋಗಬಹುದು. ಧಾತುರೂಪದ ಗಂಧಕಕ್ಕೆ ತಾಮ್ರಕ್ಕಿಂತ ಬೆಳ್ಳಿ ಬೇಗ ಸ್ಪಂದಿಸುವುದರಿಂದ, ಆ ಬಳಿಕ ಅಲ್ಲಿನ ಪೆಟ್ರೋಲ್ ಮಾನದಂಡದಲ್ಲಿ ಬೆಳ್ಳಿಯ ಪಟ್ಟಿಯ ಪರೀಕ್ಷೆಯೂ ಸೇರಿತು.

ಗ್ರಾಹಕರಿಗೆ ತಿಳಿದಿರಲಿ

ಬಂಕ್‌ನಲ್ಲಿ ಗ್ರಾಹಕರು ಕೇಳಿ ಮಾಡಿಸಬಹುದಾದ ಫಿಲ್ಟರ್ ಪೇಪರ್ ಪರೀಕ್ಷೆಯಾಗಲಿ, ಸಾಂದ್ರತೆಯ ಅಳತೆಯಾಗಲಿ ಈ ದೋಷವನ್ನು ತೋರಿಸಲಾರವು. ಅವುಗಳ ಉದ್ದೇಶವೇ ಬೇರೆ. ಲೋಹ ಕೆಡಿಸುವ ಗಂಧಕವನ್ನು ಪ್ರಯೋಗಾಲಯದಲ್ಲೇ ಗುರುತಿಸಬೇಕು. ಆದ್ದರಿಂದ ಇಂಧನ ಶುದ್ಧೀಕರಣ ಘಟಕದಿಂದ ಹೊರಡುವ ಮುನ್ನವೇ ಈ ಪುಟ್ಟ ಪಟ್ಟಿಯ ಪರೀಕ್ಷೆ ಕಟ್ಟುನಿಟ್ಟಾಗಿ ನಡೆಯುವುದು ಅಗತ್ಯ.