ನೆಗಮಂ ಸೀರೆಗೊಂದು ಜಾಲತಾಣ: ಯಾವ ತಂತ್ರಾಂಶ ಕೈಹಿಡಿದೀತು?

ಪೊಳ್ಳಾಚಿಯಿಂದ ಪಲ್ಲಡಂ ಕಡೆಗೆ ಹೋಗುವ ರಸ್ತೆಯಲ್ಲಿ, ತೆಂಗಿನ ತೋಟಗಳ ನಡುವೆ ಸಿಗುವ ಊರು ನೆಗಮಂ. ಕೊಯಮತ್ತೂರು ಜಿಲ್ಲೆಯ ಈ ಪಟ್ಟಣ ಪಂಚಾಯಿತಿಯ ಹೆಸರು ದೂರದವರಿಗೂ ಗೊತ್ತಿದ್ದರೆ ಅದಕ್ಕೆ ಇಲ್ಲಿನ ಕೈಮಗ್ಗದ ಹತ್ತಿ ಸೀರೆಯೇ ಕಾರಣ. ಈ ಸೀಮೆಯ ನೇಕಾರರಲ್ಲಿ ದೇವಾಂಗರು ಬಹಳ. ಅವರಲ್ಲಿ ಹಲವರಿಗೆ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. 2023ರಲ್ಲಿ ನೆಗಮಂ ಹತ್ತಿ ಸೀರೆಗೆ ಜಿಐ ಮಾನ್ಯತೆ, ಅಂದರೆ ಭೌಗೋಳಿಕ ಗುರುತಿನ ನೋಂದಣಿ ದೊರೆಯಿತು.

ಮಾನ್ಯತೆ ಸಿಕ್ಕಿತು, ಸರಿ. ಆದರೆ ಬೆಂಗಳೂರಿನ ಗಿರಾಕಿಯೊಬ್ಬರು ಮೊಬೈಲಿನಲ್ಲಿ ನೆಗಮಂ ಸೀರೆ ಎಂದು ಹುಡುಕಿದಾಗ ಮೊದಲು ಕಾಣುವುದು ಯಾರ ಅಂಗಡಿ? ನೇಯ್ದವರದೋ, ಬರೀ ಹೆಸರು ಬಳಸಿಕೊಂಡವರದೋ? ಊರಿನವರಿಗೆ ಸ್ವಂತ ಜಾಲತಾಣ ಬೇಕೆನ್ನುವ ಮಾತು ಬರುವುದು ಇಲ್ಲಿಯೇ. ಜಾಲತಾಣ ಮಾಡಿಸಹೊರಟ ಕೂಡಲೆ ಎದುರಾಗುವ ಪ್ರಶ್ನೆ: ಯಾವ ತಂತ್ರಾಂಶ? ವರ್ಡ್‌ಪ್ರೆಸ್ ಅನ್ನುವವರು ಒಬ್ಬರು, ಶಾಪಿಫೈ ಅನ್ನುವವರು ಇನ್ನೊಬ್ಬರು, ಎಲ್ಲವೂ ಪುಕ್ಕಟೆ ಅನ್ನುವವರು ಮತ್ತೊಬ್ಬರು. ಯಾವುದು ಯಾರಿಗೆ ಹೊಂದುತ್ತದೆ ಎಂಬ ವಿವರ ಇಲ್ಲಿದೆ.

ಸಿಎಂಎಸ್ ಅಂದರೇನು?

ಅಂತರ್ಜಾಲದ ಮೊದಲ ದಿನಗಳಲ್ಲಿ ಒಂದೊಂದು ಪುಟವನ್ನೂ ಎಚ್‌ಟಿಎಂಎಲ್‌ನಲ್ಲಿ ಕೈಯಾರೆ ಬರೆಯಬೇಕಿತ್ತು. ಸೀರೆಯ ಬೆಲೆ ಐವತ್ತು ರೂಪಾಯಿ ಏರಿದರೂ ತಾಣ ಮಾಡಿಕೊಟ್ಟವರಿಗೆ ಫೋನು ಹಚ್ಚಬೇಕು, ಅವರು ಸಿಗಬೇಕು, ಬಿಡುವಾಗಬೇಕು. ಈ ತಾಪತ್ರಯ ತಪ್ಪಿಸಲು ಬಂದದ್ದೇ ವಿಷಯ ನಿರ್ವಹಣಾ ತಂತ್ರಾಂಶ, ಚಿಕ್ಕದಾಗಿ ಸಿಎಂಎಸ್.

ಮಗ್ಗದವರಿಗೆ ಇದು ಬೇಗ ತಿಳಿಯುತ್ತದೆ. ಹಾಸು ಅದೇ ಇರುತ್ತದೆ, ಹೊಕ್ಕಿನ ಬಣ್ಣ ಬದಲಿಸಿದರೆ ಸೀರೆಯ ರೂಪ ಬೇರೆಯಾಗುತ್ತದೆ. ಸಿಎಂಎಸ್‌ನಲ್ಲಿ ಪುಟದ ವಿನ್ಯಾಸ ಹಾಸಿನಂತೆ ಒಮ್ಮೆ ಕೂತುಬಿಡುತ್ತದೆ. ಬರಹ, ಚಿತ್ರ, ಬೆಲೆ ಇವು ಹೊಕ್ಕು. ಇ-ಮೇಲ್ ಬರೆಯಬಲ್ಲ ಯಾರಾದರೂ ಲಾಗಿನ್ ಆಗಿ ಇವನ್ನು ಬದಲಿಸಬಹುದು.

ಇಂಥ ತಂತ್ರಾಂಶಗಳಲ್ಲಿ ಎರಡು ಪಂಗಡ. ಒಂದು ಸ್ವಂತ ಮನೆ, ಇನ್ನೊಂದು ಬಾಡಿಗೆ ಮನೆ.

ಸ್ವಂತ ಮನೆ: ವರ್ಡ್‌ಪ್ರೆಸ್, ಜೂಮ್ಲಾ, ಡ್ರೂಪಲ್

ಈ ಮೂರೂ ಮುಕ್ತ ತಂತ್ರಾಂಶಗಳು. ತಂತ್ರಾಂಶಕ್ಕೆ ದುಡ್ಡಿಲ್ಲ. ಆದರೆ ಅದನ್ನು ಇರಿಸಲು ಹೋಸ್ಟಿಂಗ್ ಎಂಬ ಜಾಗ ಬೇಕು, ಡೊಮೈನ್ ಎಂಬ ವಿಳಾಸ ಬೇಕು. ಇವೆರಡಕ್ಕೂ ಸಾಮಾನ್ಯವಾಗಿ ವರ್ಷ ವರ್ಷ ಹಣ ಕಟ್ಟಬೇಕು. ಮೊದಲ ವರ್ಷದ ರಿಯಾಯಿತಿ ಬೆಲೆ ನೋಡಿ ಮರುಳಾಗಬಾರದು, ನವೀಕರಣದ ಬೆಲೆ ಎಷ್ಟೆಂದು ಮೊದಲೇ ಕೇಳಬೇಕು.

ವರ್ಡ್‌ಪ್ರೆಸ್ 2003ರ ಮೇ ತಿಂಗಳಲ್ಲಿ ಬ್ಲಾಗು ಬರೆಯುವವರಿಗಾಗಿ ಹುಟ್ಟಿತು. ಇಂದು ಜಗತ್ತಿನ ಜಾಲತಾಣಗಳಲ್ಲಿ ಪ್ರತಿ ಹತ್ತಕ್ಕೆ ಸುಮಾರು ನಾಲ್ಕು ಇದರ ಮೇಲೆಯೇ ನಡೆಯುತ್ತವೆ. 2011ರಲ್ಲಿ ಬಂದ ವೂಕಾಮರ್ಸ್ ಎಂಬ ಪ್ಲಗಿನ್ ಸೇರಿಸಿದರೆ ಅದೇ ತಾಣ ಅಂಗಡಿಯೂ ಆಗುತ್ತದೆ. ಇದರ ದೊಡ್ಡ ಅನುಕೂಲವೆಂದರೆ ಕೆಲಸ ಬಲ್ಲವರು ಕೊಯಮತ್ತೂರು, ತಿರುಪ್ಪೂರಿನಂಥ ಊರುಗಳಲ್ಲೂ ಸುಲಭವಾಗಿ ಸಿಗುತ್ತಾರೆ. ಒಬ್ಬರು ಕೈಬಿಟ್ಟರೆ ಇನ್ನೊಬ್ಬರು ಮುಂದುವರಿಸಬಹುದು.

ಇಲ್ಲಿ ಒಂದು ಗೊಂದಲ ತಿಳಿಯಾಗಬೇಕು. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿ ಸಿಗುವುದು ಇಳಿಸಿಕೊಂಡು ಎಲ್ಲಿ ಬೇಕಾದರೂ ಇರಿಸಬಹುದಾದ ತಂತ್ರಾಂಶ. ವರ್ಡ್‌ಪ್ರೆಸ್ ಡಾಟ್ ಕಾಮ್ ಎಂಬುದು ಆಟೋಮ್ಯಾಟಿಕ್ ಕಂಪನಿ ನಡೆಸುವ ಸೇವೆ. ಹೆಸರು ಒಂದೇ, ಕರಾರು ಬೇರೆ.

ಜೂಮ್ಲಾ 2005ರಲ್ಲಿ ಮ್ಯಾಂಬೊ ಎಂಬ ತಂತ್ರಾಂಶದಿಂದ ಕವಲೊಡೆದದ್ದು. ಎಲ್ಲರೂ ಒಟ್ಟಾಗಿ ಎಂಬರ್ಥದ ಸ್ವಾಹಿಲಿ ಪದದಿಂದ ಈ ಹೆಸರು ಬಂತು. ಹೆಚ್ಚುವರಿ ಪ್ಲಗಿನ್ ಇಲ್ಲದೆಯೇ ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ತಾಣ ನಡೆಸಬಲ್ಲದು. ಆದರೆ ಕಲಿಯಲು ವರ್ಡ್‌ಪ್ರೆಸ್‌ಗಿಂತ ತುಸು ಕಷ್ಟ, ಬಲ್ಲವರೂ ಕಡಿಮೆ.

ಡ್ರೂಪಲ್ 2001ರಿಂದ ಇದೆ. ವಿಶ್ವವಿದ್ಯಾಲಯ, ಸರ್ಕಾರಿ ಇಲಾಖೆಗಳಂಥ ದೊಡ್ಡ ತಾಣಗಳಿಗೆ ಒಪ್ಪುವ ಗಟ್ಟಿಮುಟ್ಟಾದ ಯಂತ್ರ. ನಾಲ್ಕು ಮಗ್ಗದ ಮನೆಗೆ ಇದು ಎತ್ತಿನ ಗಾಡಿಗೆ ಲಾರಿಯ ಎಂಜಿನ್ ಕೂರಿಸಿದಂತೆ. 2011ರಲ್ಲಿ ಬಂದ ಡ್ರೂಪಲ್ 7ಕ್ಕೆ 2025ರ ಜನವರಿ 5ರಂದು ಅಧಿಕೃತ ಬೆಂಬಲ ನಿಂತಿತು. ಹೊಸ ಆವೃತ್ತಿಗೆ ಹೋಗುವುದೆಂದರೆ ಹಲವು ತಾಣಗಳನ್ನು ಬಹುಪಾಲು ಹೊಸದಾಗಿಯೇ ಕಟ್ಟಬೇಕಾಗುತ್ತದೆ.

ಸ್ವಂತ ಮನೆ ಎಂದ ಮೇಲೆ ಸೋರುವ ಹಂಚನ್ನು ಮನೆಯವರೇ ಬದಲಿಸಬೇಕು. ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಹಾಕಿಕೊಳ್ಳದಿದ್ದರೆ ಕಳ್ಳರಿಗೆ ಬಾಗಿಲು ತೆರೆದಿಟ್ಟಂತೆ. 2014ರ ಅಕ್ಟೋಬರಿನಲ್ಲಿ ಡ್ರೂಪಲ್ 7ರಲ್ಲಿ ಒಂದು ದೋಷ ಬಯಲಾಯಿತು. ಪ್ರಕಟಣೆಯಾದ ಏಳು ಗಂಟೆಯೊಳಗೆ ಸರಿಪಡಿಸಿಕೊಳ್ಳದ ತಾಣಗಳೆಲ್ಲ ಕಳ್ಳರ ಕೈಸೇರಿವೆ ಎಂದೇ ಭಾವಿಸಿ ಎಂದು ಡ್ರೂಪಲ್ ತಂಡವೇ ಎಚ್ಚರಿಸಿತು. ವರ್ಡ್‌ಪ್ರೆಸ್‌ನಲ್ಲಿ ಇಂಥ ತೊಂದರೆ ಹೆಚ್ಚಾಗಿ ಬರುವುದು ಪ್ಲಗಿನ್‌ಗಳಿಂದ. ಬೇಕಾದ ನಾಲ್ಕಾರು ಪ್ಲಗಿನ್ ಸಾಕು, ಕಂಡಿದ್ದೆಲ್ಲ ಹಾಕಬಾರದು.

ಬಾಡಿಗೆ ಮನೆ: ಶಾಪಿಫೈ, ವಿಕ್ಸ್, ಜೋಹೊ

ಇಲ್ಲಿ ತಂತ್ರಾಂಶ, ಜಾಗ, ರಕ್ಷಣೆ ಎಲ್ಲವೂ ಒಂದೇ ಕಂಪನಿಯದು. ತಿಂಗಳ ಅಥವಾ ವರ್ಷದ ಬಾಡಿಗೆ ಕಟ್ಟಿದರಾಯಿತು, ರಿಪೇರಿಯ ಚಿಂತೆ ಇಲ್ಲ.

ಕೆನಡಾದ ಶಾಪಿಫೈ 2006ರಲ್ಲಿ ಶುರುವಾದದ್ದು. ಅದರ ಸ್ಥಾಪಕರು ಮೊದಲು ತಮ್ಮ ಸ್ನೋಬೋರ್ಡ್ ಮಾರಲು ಅಂತರ್ಜಾಲ ಅಂಗಡಿ ಕಟ್ಟಿಕೊಂಡರು. ಕೊನೆಗೆ ಸರಕಿಗಿಂತ ಅಂಗಡಿಯ ತಂತ್ರಾಂಶವೇ ಹೆಚ್ಚು ಮಾರಾಟವಾಯಿತು! ದಾಸ್ತಾನು, ಬಿಲ್ಲು, ಕೊರಿಯರ್ ಲೆಕ್ಕ ಎಲ್ಲ ಇದರಲ್ಲಿ ಅಚ್ಚುಕಟ್ಟು. ಆದರೆ ಅದರ ಸ್ವಂತ ಪಾವತಿ ಸೇವೆ ಭಾರತದಲ್ಲಿಲ್ಲ. ಹೊರಗಿನ ಪೇಮೆಂಟ್ ಗೇಟ್‌ವೇ ಬಳಸಬೇಕು, ಅದಕ್ಕೆ ಗೇಟ್‌ವೇ ಶುಲ್ಕದ ಜತೆಗೆ ಶಾಪಿಫೈಗೂ ವಹಿವಾಟು ಶುಲ್ಕ ತೆರಬೇಕಾಗುತ್ತದೆ. ಎರಡೂ ತಲಾ ಶೇ. 2 ಎಂದು ಇಟ್ಟುಕೊಂಡರೂ 2000 ರೂಪಾಯಿಯ ಸೀರೆಗೆ 80 ರೂಪಾಯಿ ಹೋಯಿತು. ನೇಯ್ಗೆ ಕೂಲಿಯ ಲೆಕ್ಕ ಗೊತ್ತಿದ್ದವರಿಗೆ ಇದು ಸಣ್ಣ ಮೊತ್ತವಲ್ಲ.

ಇಸ್ರೇಲಿನ ವಿಕ್ಸ್ ಕೂಡ 2006ರದ್ದೇ. ಚಿತ್ರ, ಬರಹಗಳನ್ನು ಮೌಸಿನಿಂದ ಎಳೆದು ಕೂರಿಸುವಷ್ಟು ಸುಲಭ. ಆದರೆ ಅಲ್ಲಿ ಕಟ್ಟಿದ ತಾಣವನ್ನು ಹಾಗೇ ಎತ್ತಿ ಬೇರೆ ಹೋಸ್ಟಿಂಗ್‌ಗೆ ಒಯ್ಯಲಾಗದು. ಹೊರಟರೆ ಬರಿಗೈಯಲ್ಲಲ್ಲದಿದ್ದರೂ ಗೋಡೆ ಬಿಟ್ಟೇ ಹೊರಡಬೇಕು.

ತಮಿಳುನಾಡಿನದೇ ಆದ ಜೋಹೊ ಕಂಪನಿಯಲ್ಲಿ ಸರಳ ತಾಣಕ್ಕೆ ಜೋಹೊ ಸೈಟ್ಸ್, ಅಂಗಡಿಗೆ ಜೋಹೊ ಕಾಮರ್ಸ್ ಎಂಬ ಸೇವೆಗಳಿವೆ. ರೂಪಾಯಿಯಲ್ಲಿ ಬೆಲೆ, ಜಿಎಸ್‌ಟಿ ಲೆಕ್ಕಕ್ಕೆ ಅದೇ ಕಂಪನಿಯ ತಂತ್ರಾಂಶ, ತಮಿಳಿನಲ್ಲಿ ಮಾತಾಡಬಲ್ಲ ಸಿಬ್ಬಂದಿ ಈ ಸೀಮೆಯವರಿಗೆ ಅನುಕೂಲವೇ.

ಪುಕ್ಕಟೆ ಜಾಗದ ಪಾಡು

ಪುಕ್ಕಟೆ ಸಿಕ್ಕಿದ್ದನ್ನು ಬೇಡವೆನ್ನುವವರು ಯಾರು? ಆದರೆ ಚರಿತ್ರೆ ಬೇರೆ ಹೇಳುತ್ತದೆ. ಜಿಯೋಸಿಟೀಸ್ ಎಂಬ ತಾಣದಲ್ಲಿ ಲಕ್ಷಾಂತರ ಜನ ಉಚಿತ ಪುಟ ಕಟ್ಟಿಕೊಂಡಿದ್ದರು. 1999ರಲ್ಲಿ ಯಾಹೂ ಅದನ್ನು ಕೊಂಡಿತು, 2009ರಲ್ಲಿ ಮುಚ್ಚಿತು.

ತೀರಾ ಈಚಿನ ಉದಾಹರಣೆ ಗೂಗಲ್‌ನದು. ಅಂಗಡಿಗಳು ಗೂಗಲ್ ಬಿಸಿನೆಸ್ ಪ್ರೊಫೈಲ್‌ನಿಂದ ಪುಕ್ಕಟೆ ಜಾಲತಾಣ ಮಾಡಿಕೊಳ್ಳಬಹುದಿತ್ತು. 2024ರ ಮಾರ್ಚ್‌ನಲ್ಲಿ ಗೂಗಲ್ ಆ ತಾಣಗಳನ್ನು ನಿಲ್ಲಿಸಿತು. ಹಳೆಯ ವಿಳಾಸ ಹುಡುಕಿ ಬಂದವರನ್ನು ಜೂನ್ ತಿಂಗಳವರೆಗೆ ಪ್ರೊಫೈಲ್‌ಗೆ ಕಳಿಸಿತು, ಆಮೇಲೆ ಅದೂ ಇಲ್ಲ. ವಿಸಿಟಿಂಗ್ ಕಾರ್ಡು, ಅಂಗಡಿಯ ಚೀಲ, ನಾಮಫಲಕದ ಮೇಲೆ ಆ ವಿಳಾಸ ಅಚ್ಚು ಹಾಕಿಸಿದವರ ಗತಿ?

ಮುಕ್ತ ತಂತ್ರಾಂಶದಲ್ಲಿ ಜಗಳವೇ ಇಲ್ಲವೆಂದೇನಲ್ಲ. 2024ರ ಸೆಪ್ಟೆಂಬರಿನಲ್ಲಿ ವರ್ಡ್‌ಪ್ರೆಸ್‌ನ ಮುಖ್ಯಸ್ಥರಿಗೂ ಡಬ್ಲ್ಯುಪಿ ಎಂಜಿನ್ ಎಂಬ ಹೋಸ್ಟಿಂಗ್ ಕಂಪನಿಗೂ ಜಟಾಪಟಿಯಾಗಿ, ಆ ಕಂಪನಿಯ ಗಿರಾಕಿಗಳಿಗೆ ಕೆಲವು ದಿನ ನೇರ ಅಪ್‌ಡೇಟ್ ನಿಂತಿತು. ಆದರೂ ಅವರ ತಾಣಗಳು ಮಾಯವಾಗಲಿಲ್ಲ. ಬೇರೆ ಹೋಸ್ಟಿಂಗ್‌ಗೆ ಹೋಗುವ ದಾರಿಯೂ ತೆರೆದೇ ಇತ್ತು. ಅಂತರ ಇರುವುದು ಇಲ್ಲಿ.

ಹಾಗಾಗಿ ತಂತ್ರಾಂಶ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಒಳಗೆ ಹೋಗುವುದು ಎಷ್ಟು ಸುಲಭ ಎಂದಲ್ಲ, ಹೊರಗೆ ಬರುವುದು ಎಷ್ಟು ಸುಲಭ ಎಂದು. ವೂಕಾಮರ್ಸ್, ಶಾಪಿಫೈ ಎರಡರಲ್ಲೂ ಸರಕಿನ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಇಳಿಸಿಕೊಳ್ಳಬಹುದು. ವಿನ್ಯಾಸ ಹೋದರೂ ದಾಸ್ತಾನಿನ ವಿವರ ಉಳಿಯುತ್ತದೆ.

ವಿಳಾಸ ಯಾರ ಹೆಸರಲ್ಲಿ?

ತಂತ್ರಾಂಶ ಯಾವುದಾದರೂ ಇರಲಿ, ಡೊಮೈನ್ ಹೆಸರು ವ್ಯಾಪಾರದವರ ಹೆಸರಿನಲ್ಲೇ ನೋಂದಣಿಯಾಗಿರಬೇಕು. ಸ್ವಂತ ಡೊಮೈನ್ ಇದ್ದರೆ ಬಾಡಿಗೆ ಮನೆ ಬದಲಿಸಿದರೂ ವಿಳಾಸ ಬದಲಾಗುವುದಿಲ್ಲ. ಡಾಟ್ ಇನ್ ಹೆಸರುಗಳು 2005ರಿಂದ ಎಲ್ಲರಿಗೂ ಮುಕ್ತವಾಗಿವೆ. ಕನ್ನಡ ಅಕ್ಷರದ ಡಾಟ್ ಭಾರತ ವಿಳಾಸವೂ ಈಗ ಉಂಟು.

ತಾಣ ಮಾಡಿಕೊಡುವವರು ನಾವೇ ಎಲ್ಲ ನೋಡಿಕೊಳ್ಳುತ್ತೇವೆ ಎಂದು ತಮ್ಮ ಇ-ಮೇಲಿನಿಂದಲೇ ನೋಂದಾಯಿಸಿಬಿಟ್ಟರೆ ಕಾಗದಪತ್ರದಲ್ಲಿ ವಿಳಾಸ ಅವರದೇ ಆಗುತ್ತದೆ. ಮುನಿಸಾದರೆ ಅಂಗಡಿಯ ಹೆಸರೇ ಒತ್ತೆ. ನೋಂದಣಿಯಲ್ಲಿ ಮಾಲೀಕರ ಹೆಸರು, ಇ-ಮೇಲು, ಮೊಬೈಲ್ ಸಂಖ್ಯೆ ಇರಬೇಕು. ಗುಪ್ತಪದ ಮನೆಯಲ್ಲಿ ಇಬ್ಬರಿಗಾದರೂ ಗೊತ್ತಿರಬೇಕು.

ಕನ್ನಡವೋ ತಮಿಳೋ?

ನೆಗಮಂ ಸೀಮೆಯಲ್ಲಿ ಕನ್ನಡ ಮಾತಾಡುವ ಹಲವರು ಓದಿದ್ದು ತಮಿಳು ಶಾಲೆಯಲ್ಲಿ. ನಾಲಿಗೆಗೆ ಕನ್ನಡ, ಕಣ್ಣಿಗೆ ತಮಿಳು. ಆದರೆ ಜಾಲತಾಣದ ಭಾಷೆಯನ್ನು ಮಾರುವವರಿಗಿಂತ ಕೊಳ್ಳುವವರನ್ನು ನೋಡಿ ಆರಿಸಬೇಕು. ಬೆಂಗಳೂರು, ಮೈಸೂರಿನ ಗಿರಾಕಿಗೆ ಕನ್ನಡ ಪುಟ, ಕೊಯಮತ್ತೂರು, ಮಧುರೆಯವರಿಗೆ ತಮಿಳು, ಉಳಿದವರಿಗೆ ಇಂಗ್ಲಿಷ್.

ವರ್ಡ್‌ಪ್ರೆಸ್‌ನಲ್ಲಿ ಇದಕ್ಕೆ ಪಾಲಿಲ್ಯಾಂಗ್ ಅಥವಾ ಡಬ್ಲ್ಯುಪಿಎಂಎಲ್ ಎಂಬ ಪ್ಲಗಿನ್ ಬೇಕು. ಜೂಮ್ಲಾ, ಡ್ರೂಪಲ್‌ಗಳಲ್ಲಿ ಈ ಸೌಲಭ್ಯ ಒಳಗೇ ಇದೆ. ಯಾವುದೇ ಆಗಲಿ, ಬರಹ ಯೂನಿಕೋಡ್‌ನಲ್ಲೇ ಇರಬೇಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚಿಸಿದ ಕಡತವನ್ನು ಹಾಗೇ ಅಂಟಿಸಿದರೆ ಓದುಗರಿಗೆ ಕಾಣುವುದು ಗೀಚುಮೀಚು ಮಾತ್ರ. ಅಕ್ಷರವನ್ನು ಚಿತ್ರವಾಗಿ ಹಾಕಿದರೆ ಕಣ್ಣಿಗೆ ಚಂದ, ಆದರೆ ಹುಡುಕು ಯಂತ್ರಗಳ ಕೈಗೆ ಸಿಗುವುದು ಕಷ್ಟ.

ಮಾರುವ ಮುನ್ನ

ಜಿಐ ಎಂದು ಬರೆಯುವ ಮೊದಲು ನಿಯಮ ತಿಳಿದಿರಲಿ. 1999ರ ಕಾಯಿದೆಯ ಪ್ರಕಾರ ಆ ಗುರುತು ಬಳಸುವ ಹಕ್ಕು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರಿಗೆ. ಊರಿನವರಾದ ಮಾತ್ರಕ್ಕೆ ಅದು ತಾನಾಗಿ ಬರುವುದಿಲ್ಲ. ನೋಂದಣಿ ಇದ್ದರೆ ಅದರ ಸಂಖ್ಯೆಯನ್ನು ತಾಣದಲ್ಲಿ ಹಾಕುವುದು ಒಳ್ಳೆಯದು. 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಇದ್ದರೆ ಅದನ್ನೂ ತೋರಿಸಬಹುದು. ಮಗ್ಗದ ಫೋಟೋ, ನೇಯಲು ಹಿಡಿಯುವ ದಿನ, ನೂಲಿನ ವಿವರ ಇವು ನೇಯ್ದವರ ತಾಣದ ಬಲ. ಹೆಸರು ಮಾತ್ರ ಎರವಲು ತಂದವರಿಗೆ ಇವನ್ನು ನಿಜವಾಗಿ ಕೊಡಲಾಗದು.

2020ರ ಗ್ರಾಹಕ ರಕ್ಷಣೆಯ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟದ ತಾಣದಲ್ಲಿ ವ್ಯಾಪಾರದ ಹೆಸರು, ವಿಳಾಸ, ಸಂಪರ್ಕ, ಸರಕು ವಾಪಸಿನ ಷರತ್ತು, ದೂರು ಕೇಳುವವರ ವಿವರ ಇರಬೇಕು. ದೂರು ಬಂದ 48 ಗಂಟೆಯೊಳಗೆ ತಲುಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಬಗೆಹರಿಸಬೇಕು. ಜಿಎಸ್‌ಟಿ ವಿಷಯಕ್ಕೆ ಲೆಕ್ಕಪರಿಶೋಧಕರನ್ನು ಮೊದಲೇ ಕೇಳುವುದು ಮೇಲು.

ಯಾರಿಗೆ ಯಾವುದು?

ಒಂದೆರಡು ಮಗ್ಗದ ಮನೆಗೆ: ತಕ್ಷಣ ಜಾಲತಾಣವೇ ಬೇಕೆಂದಿಲ್ಲ. ಒಂದು ಡೊಮೈನ್ ಕಾಯ್ದಿರಿಸಿ, 2018ರಿಂದ ಇರುವ ವಾಟ್ಸಾಪ್ ಬಿಸಿನೆಸ್‌ನ ಕೆಟಲಾಗ್ ಬಳಸಬಹುದು. ಅಪರಿಚಿತರು ಹುಡುಕಿಕೊಂಡು ಬರುವುದು ಮಾತ್ರ ಕಡಿಮೆ.

ಸಹಕಾರ ಸಂಘ, ಅಥವಾ ಹತ್ತಾರು ನೇಕಾರರ ಗುಂಪಿಗೆ: ವರ್ಡ್‌ಪ್ರೆಸ್ ಮತ್ತು ವೂಕಾಮರ್ಸ್. ಖರ್ಚು ಹಂಚಿಕೊಳ್ಳಬಹುದು, ಒಬ್ಬೊಬ್ಬ ನೇಕಾರರಿಗೂ ಒಂದೊಂದು ಪುಟ ಕೊಡಬಹುದು. ಆದರೆ ಅಪ್‌ಡೇಟ್ ಮತ್ತು ಬ್ಯಾಕಪ್ ನೋಡಿಕೊಳ್ಳಲು ಒಬ್ಬರನ್ನು ಗೊತ್ತುಮಾಡಲೇಬೇಕು.

ದಿನವೂ ಪಾರ್ಸಲ್ ಕಳಿಸುವ ಅಂಗಡಿಗೆ: ಶಾಪಿಫೈ ಅಥವಾ ಜೋಹೊ ಕಾಮರ್ಸ್. ಬಾಡಿಗೆ ಹೆಚ್ಚಾದರೂ ವೇಳೆ ಉಳಿಯುತ್ತದೆ.

ಬರೀ ಪರಿಚಯ, ವಿಳಾಸ, ಫೋಟೋ ಸಾಕೆನ್ನುವವರಿಗೆ: ವಿಕ್ಸ್ ಅಥವಾ ಜೋಹೊ ಸೈಟ್ಸ್, ಸ್ವಂತ ಡೊಮೈನ್ ಸಮೇತ.

1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಇದ್ದ ಕೊಳ್ಳೇಗಾಲದ ರೇಷ್ಮೆ ನೇಕಾರರಿಗೂ, ತಾಳವಾಡಿಯ ರೈತರಿಗೂ, ಪೊಳ್ಳಾಚಿಯ ತೆಂಗಿನ ವ್ಯಾಪಾರಿಗಳಿಗೂ ಇದೇ ಲೆಕ್ಕ ಹೊಂದುತ್ತದೆ.

ಮುಂಗಡ ಕೊಡುವ ಮುಂಚೆ ಕೇಳಬೇಕಾದ ಐದು ಪ್ರಶ್ನೆ

1. ಡೊಮೈನ್ ಯಾರ ಹೆಸರಿನಲ್ಲಿ ನೋಂದಣಿ ಆಗುತ್ತದೆ?
2. ಎರಡನೆಯ ವರ್ಷದಿಂದ ಒಟ್ಟು ಖರ್ಚೆಷ್ಟು?
3. ಬ್ಯಾಕಪ್ ಎಷ್ಟು ದಿನಕ್ಕೊಮ್ಮೆ, ಅದರ ಪ್ರತಿ ಮಾಲೀಕರ ಕೈಗೆ ಸಿಗುತ್ತದೆಯೇ?
4. ಬೆಲೆ, ಫೋಟೋಗಳನ್ನು ಮನೆಯವರೇ ಬದಲಿಸಬಹುದೇ?
5. ಬೇರೆ ಕಡೆಗೆ ಹೋಗಬೇಕೆಂದರೆ ಏನೇನು ಒಯ್ಯಬಹುದು?

ಐದಕ್ಕೂ ಬರಹದಲ್ಲಿ ಉತ್ತರ ಕೊಡುವವರಿಗೆ ಕೆಲಸ ವಹಿಸಬಹುದು. ಸೀರೆಗಳ ಫೋಟೋ, ಅಳತೆ, ಬೆಲೆಯ ಪಟ್ಟಿಯ ಒಂದು ಪ್ರತಿ ಮಾತ್ರ ಸದಾ ಮನೆಯ ಗಣಕಯಂತ್ರದಲ್ಲೋ ಪೆನ್ ಡ್ರೈವಿನಲ್ಲೋ ಇರಲಿ. ಅದು ಕೈಯಲ್ಲಿದ್ದರೆ ಯಾವ ಕಂಪನಿ ಬಾಗಿಲು ಮುಚ್ಚಿದರೂ ಅಂಗಡಿಯನ್ನು ಮತ್ತೆ ಕಟ್ಟಬಹುದು.