ಕಲ್ಯಾಣದ ಸಿಂಹಾಸನ, ಮಲೆನಾಡಿನ ಕಲ್ಲು

ನಮ್ಮ ನ್ಯೂ ಟೌನ್‌ ಶಾಲೆಯಲ್ಲಿ ಓದುವಾಗ ಚಾಲುಕ್ಯರ ಪಾಠದಲ್ಲಿ ಇಸವಿಗಳನ್ನು ಬಾಯಿಪಾಠ ಮಾಡಿ ಅಂಕ ಪಡೆದವರಲ್ಲಿ ನಾನೂ ಒಬ್ಬ. ಆ ಪಾಠದ ಹಿಂದೆ ಅಣ್ಣತಮ್ಮಂದಿರ ದೊಡ್ಡ ಜಗಳವೊಂದಿದೆ, ಅದರ ಸಾಕ್ಷಿ ನಮ್ಮದೇ ಜಿಲ್ಲೆಯ ಕಲ್ಲಿನಲ್ಲಿದೆ ಎಂಬುದು ತಿಳಿದದ್ದು ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ, ಬಿಡುವಿನಲ್ಲಿ ಶಾಸನ ಸಂಪುಟಗಳನ್ನು ಓದತೊಡಗಿದಾಗ.

ನಮ್ಮೂರಿನ ಭದ್ರೆ ಕೂಡ್ಲಿಯಲ್ಲಿ ತುಂಗೆಯನ್ನು ಕೂಡಿ, ಮುಂದೆ ಹರಪನಹಳ್ಳಿ ಸೀಮೆಯ ಕುರುವತ್ತಿಯನ್ನು ದಾಟುತ್ತಾಳೆ. ಕಲ್ಯಾಣದ ಚಕ್ರವರ್ತಿ ಒಂದನೇ ಸೋಮೇಶ್ವರ ವಾಸಿಯಾಗದ ಕಾಯಿಲೆಯಿಂದ ನೊಂದು, 1068ರ ಮಾರ್ಚ್ ಕೊನೆಯಲ್ಲಿ ಅಲ್ಲಿಯೇ ಹೊಳೆಗಿಳಿದು ಪ್ರಾಣ ಬಿಟ್ಟ. ಶಿಕಾರಿಪುರ ತಾಲ್ಲೂಕಿನ ಶಾಸನವೊಂದು ಇದನ್ನು ತಿಥಿ, ವಾರಗಳ ಸಮೇತ ದಾಖಲಿಸಿದೆ. ಸುಮಾರು ಎರಡು ವಾರದಲ್ಲಿ ಹಿರಿಯ ಮಗ ಎರಡನೇ ಸೋಮೇಶ್ವರನಿಗೆ ಪಟ್ಟವಾಯಿತು. ಕಿರಿಯವನಾದ ವಿಕ್ರಮಾದಿತ್ಯ ತಂದೆಯ ಕಾಲದಲ್ಲಿ ಬನವಾಸಿ ಪನ್ನಿಚ್ಛಾಸಿರವನ್ನು ಆಳಿದ್ದವನು. ಆ ನಾಡಿನ ರಾಜಧಾನಿಯೇ ಇಂದಿನ ಶಿರಾಳಕೊಪ್ಪದ ಬಳಿಯ ಬಳ್ಳಿಗಾವಿ. ಸೈನ್ಯದ ಬಲವೂ ಯುದ್ಧದ ಅನುಭವವೂ ತಮ್ಮನ ಕಡೆ ಇದ್ದವು, ಸಿಂಹಾಸನ ಅಣ್ಣನ ಕಡೆ ಇತ್ತು.

ಮುಂದೆ ಏನಾಯಿತು? ಇದಕ್ಕೆ ಮೂವರು ಸಾಕ್ಷಿಗಳಿದ್ದಾರೆ. ಮೊದಲನೆಯವನು ಕಾಶ್ಮೀರದಿಂದ ಬಂದು ವಿಕ್ರಮಾದಿತ್ಯನ ಆಸ್ಥಾನ ಸೇರಿ 'ವಿದ್ಯಾಪತಿ' ಎನಿಸಿಕೊಂಡ ಬಿಲ್ಹಣ. ಅವನು ಬರೆದ 'ವಿಕ್ರಮಾಂಕದೇವಚರಿತ'ವನ್ನು ನಮ್ಮ ನಾಡಿನ ಹಳೆಯ ಐತಿಹಾಸಿಕ ಕಾದಂಬರಿ ಎಂದರೂ ತಪ್ಪಿಲ್ಲ. ಅದರ ಪ್ರಕಾರ ಅಣ್ಣ ಅಹಂಕಾರಿ, ಸಂಶಯದ ಪಿಶಾಚಿ. ತಮ್ಮನಿಗೆ ರಾಜ್ಯದಾಸೆ ಕಿಂಚಿತ್ತೂ ಇಲ್ಲ, ಸಾಕ್ಷಾತ್ ಶಿವನೇ ಅಪ್ಪಣೆ ಕೊಟ್ಟದ್ದರಿಂದ ಯುದ್ಧಕ್ಕೆ ನಿಲ್ಲುತ್ತಾನೆ. ಚೋಳರಾಜ ತಾನಾಗಿ ಮಗಳನ್ನು ಕೊಡಲು ತುಂಗಭದ್ರೆಯ ತೀರಕ್ಕೆ ಬರುತ್ತಾನೆ.

ಎರಡನೆಯ ಸಾಕ್ಷಿ ಅದೇ ಚೋಳರಾಜ ವೀರರಾಜೇಂದ್ರನ ತಮಿಳು ಶಾಸನಗಳು. ಅವು ಬೇರೆಯೇ ಕಥೆ ಹೇಳುತ್ತವೆ. ವಿಕ್ರಮಾದಿತ್ಯನೇ ಶರಣು ಬಂದನಂತೆ, ಚೋಳನೇ ಅವನ ಕೊರಳಿಗೆ ಅಧಿಕಾರದ ಕಂಠಿಕೆ ಕಟ್ಟಿದನಂತೆ. ಮೂರನೆಯ ಸಾಕ್ಷಿ ನಾನು ಮೊದಲು ಹೇಳಿದ ನಮ್ಮ ಜಿಲ್ಲೆಯ ಶಾಸನ. ಹೊಸ ರಾಜ ಪಟ್ಟವೇರಿದ್ದನ್ನೇ ಸಮಯವೆಂದುಕೊಂಡು ಚೋಳ ಗುತ್ತಿಯ ಮೇಲೆ ಬಿದ್ದನೆಂದೂ ಸೋತು ಹಿಂತಿರುಗಿದನೆಂದೂ ಅದು ಹೇಳುತ್ತದೆ.

ನನ್ನ ವೃತ್ತಿಯಲ್ಲಿ ಒಂದು ವ್ಯವಸ್ಥೆ ಕೆಟ್ಟು ನಿಂತಾಗ ಯಾರ ವಿವರಣೆಯನ್ನೂ ಹಾಗೆಯೇ ನಂಬುವುದಿಲ್ಲ. ಬೇರೆ ಬೇರೆ ಯಂತ್ರಗಳ ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ಯಾವುದು ಎಲ್ಲೆಲ್ಲಿ ತಾಳೆಯಾಗುತ್ತದೆ ಎಂದು ನೋಡುತ್ತೇವೆ. ಇಲ್ಲಿಯೂ ಹಾಗೆ ನೋಡಿದರೆ, ಚೋಳರ ನೆಂಟಸ್ತನ ತಮ್ಮನ ಮೊದಲ ಆಸರೆಯಾಗಿತ್ತು ಎಂಬುದು ನಿಲ್ಲುತ್ತದೆ. ಯಾರು ಯಾರ ಬಳಿಗೆ ಹೋದರು ಎಂಬಲ್ಲಿ ಮಾತ್ರ ಪ್ರತಿಯೊಬ್ಬರೂ ತಮ್ಮ ಮೀಸೆ ತಿರುವಿದ್ದಾರೆ.

ವೀರರಾಜೇಂದ್ರ ತೀರಿದ ಮೇಲೆ ಅವನ ಮಗನೂ ಬೇಗ ಅಳಿದು, 1070ರಲ್ಲಿ ಕುಲೋತ್ತುಂಗ ಚೋಳ ಸಿಂಹಾಸನ ಹಿಡಿದ. ಈಗ ಆಟ ತಿರುಗಿತು. ಅಣ್ಣ ಸೋಮೇಶ್ವರ ಕುಲೋತ್ತುಂಗನ ಜೊತೆ ಸೇರಿದ. ಕೊನೆಗೆ 1076ರಲ್ಲಿ ವಿಕ್ರಮಾದಿತ್ಯ ಇಬ್ಬರನ್ನೂ ಮಣಿಸಿ, ಅಣ್ಣನನ್ನು ಸೆರೆಗೆ ನೂಕಿ, ತನ್ನ ಹೆಸರಿನಲ್ಲೇ ಚಾಲುಕ್ಯ ವಿಕ್ರಮ ಶಕೆಯನ್ನು ಆರಂಭಿಸಿದ. ಅಲ್ಲಿಂದ 1126ರವರೆಗೆ ಆಳಿದ. ಅಂದರೆ ನಮ್ಮ ಶಾಲೆಗೆ ಇಂದು ತುಂಬಿದಷ್ಟೇ, ಐವತ್ತು ವರ್ಷ!

ಆದರೆ ಮನೆಯ ಜಗಳ ಅಷ್ಟಕ್ಕೆ ಮುಗಿಯಲಿಲ್ಲ. ಜೊತೆಗೆ ನಿಂತ ಕಿರಿಯ ತಮ್ಮ ಜಯಸಿಂಹನಿಗೆ ಬನವಾಸಿ ನಾಡು ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಅವನೂ ತಿರುಗಿಬಿದ್ದು, ಸೋತು ಸೆರೆಯಾದ. ಅಣ್ಣನ ವಿರುದ್ಧ ದಂಡೆತ್ತುವ ಪಾಠವನ್ನು ಅವನು ಮನೆಯಲ್ಲೇ ಕಲಿತಿದ್ದ.

ಇನ್ನೊಂದು ಸ್ವಾರಸ್ಯ ಕೇಳಿ. ಇದೇ ವಿಕ್ರಮಾದಿತ್ಯನ ಕಾಲದಲ್ಲಿ, ಇದೇ ಕಲ್ಯಾಣದಲ್ಲಿ ವಿಜ್ಞಾನೇಶ್ವರ 'ಮಿತಾಕ್ಷರ'ವನ್ನು ಬರೆದ. ಅಣ್ಣತಮ್ಮಂದಿರು ಆಸ್ತಿಯನ್ನು ಹೇಗೆ ಪಾಲು ಮಾಡಿಕೊಳ್ಳಬೇಕು ಎಂಬುದಕ್ಕೆ ಭಾರತದ ಬಹುಭಾಗದಲ್ಲಿ ಶತಮಾನಗಳ ಕಾಲ ಪ್ರಮಾಣವಾದ ಗ್ರಂಥ ಅದು. ನಮ್ಮೂರ ಹಿರಿಯರು ಪಾಲಿನ ದಾವೆಗೆಂದು ಕೋರ್ಟಿಗೆ ಅಲೆದಾಗ ವಕೀಲರ ಬಾಯಲ್ಲಿ ಕೇಳಿದ ಹೆಸರು. ಹೊಲ, ಮನೆಗೆ ಪಾಲಿನ ನಿಯಮ ಸಿಕ್ಕಿತು, ಸಿಂಹಾಸನಕ್ಕೆ ಕತ್ತಿಯೇ ನಿಯಮವಾಗಿ ಉಳಿಯಿತು.

ಗೆದ್ದವನಿಗೆ ಕವಿ ಸಿಕ್ಕ, ಶಕೆ ಸಿಕ್ಕಿತು. ಸೋತ ಸೋಮೇಶ್ವರನಿಗೆ ಕಾವ್ಯವಿಲ್ಲ. ಅವನ ಪರವಾಗಿ ಇಂದಿಗೂ ಮಾತಾಡುತ್ತಿರುವುದು ಮಳೆಗಾಳಿಗೆ ಒಡ್ಡಿಕೊಂಡ ಇಂಥ ಕೆಲವು ಕಲ್ಲುಗಳು ಮಾತ್ರ. ಆದ್ದರಿಂದ ಗುರುಗಳಲ್ಲಿ ನನ್ನದೊಂದು ಬಿನ್ನಹ. ಮಕ್ಕಳನ್ನು ಒಮ್ಮೆ ಬಳ್ಳಿಗಾವಿಗೆ ಕರೆದೊಯ್ಯಿರಿ, 1047ರ ಗಂಡಭೇರುಂಡ ಕಂಬವನ್ನೂ ಶಾಸನಗಳನ್ನೂ ತೋರಿಸಿರಿ. ಇನ್ನೊಂದು ಬಿನ್ನಹ ಈ ಶಾಲೆಯದೇ ದಾಖಲೆಗಳ ಕುರಿತು. ಸ್ಮರಣ ಸಂಚಿಕೆಯಲ್ಲಿ ರ‍್ಯಾಂಕ್ ಬಂದವರ, ಹುದ್ದೆಗೇರಿದವರ ಹೆಸರು ಸಹಜವಾಗಿ ಬರುತ್ತದೆ. ಎಸ್ಸೆಸ್ಸೆಲ್ಸಿ ಮುಟ್ಟುವ ಮೊದಲೇ ಗ್ಯಾರೇಜಿಗೋ ಗಾರೆ ಕೆಲಸಕ್ಕೋ ಹೋದ ನಮ್ಮ ಗೆಳೆಯರ ಹೆಸರು ಉಳಿದಿರುವುದು ಹಳೆಯ ದಾಖಲಾತಿ ರಿಜಿಸ್ಟರ್‌ಗಳಲ್ಲಿ ಮಾತ್ರ. ಅವು ಗೆದ್ದಲು ಹಿಡಿಯುವ ಮೊದಲು ಪುಟಪುಟವನ್ನೂ ಸ್ಕ್ಯಾನ್ ಮಾಡಿ ಇಡೋಣ. ಆ ಕೆಲಸಕ್ಕೆ ರಜೆ ಹಾಕಿ ಬರಲು ನಾನು ಸಿದ್ಧನಿದ್ದೇನೆ.